ತಿದ್ದಿದವರ ಹೆಸರು

ಕಳೆದ ಮಳೆಗಾಲದ ಒಂದು ರಾತ್ರಿ. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ನನ್ನ ಮಗಳು ಊಟವಾದ ಮೇಲೂ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಳು. ಕೆಲಸ ಮುಗಿಯಿತೆಂದು ಅವಳೇ ಹೇಳಿ ಕಾಲುಗಂಟೆ ಕಳೆದಿತ್ತು. ಆದರೂ ಏಳುವ ಲಕ್ಷಣ ಕಾಣಲಿಲ್ಲ. ಎರಡು ಸಾಲು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು, ಇದೇ ನಡೆದಿತ್ತು. ‘ಇನ್ನೇನಮ್ಮಾ ಉಳಿದಿದೆ?’ ಎಂದು ಕೇಳಿದೆ. ‘ಕೋಡ್ ಮುಗಿದಿದೆ ಅಪ್ಪಾ. ಬದಲಾಗಿರೋದು ಮೂರೇ ಸಾಲು. ಯಾಕೆ ಬದಲಾಯಿಸಿದೆ ಅಂತ ಬರೀಬೇಕಲ್ಲ, ಅದೇ ಕಷ್ಟ. ಎರಡು ವರ್ಷ ಆದಮೇಲೆ ಯಾರೋ ಇದನ್ನ ಓದಿದಾಗ ಅವರಿಗೆ ಅರ್ಥ ಆಗ್ಬೇಕು ನೋಡಿ’ ಎಂದಳು.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆಯೇ ಬದುಕಿದ ನನಗೆ ಆ ಮಾತು ಕೇಳಿ ಸಂತೋಷವಾಯಿತು. ಜೊತೆಗೆ ಸ್ವಲ್ಪ ಸಂಕೋಚವೂ ಆಯಿತು. ಮೂರು ಸಾಲಿನ ಬದಲಾವಣೆಗೆ ಕಾರಣ ಬರೆಯಲು ಕಾಲುಗಂಟೆ ತೆಗೆದುಕೊಳ್ಳುವ ಇವರೆಲ್ಲಿ, ನೂರಾರು ಎಕರೆಯ ಹಣೆಬರಹ ಬದಲಿಸುವ ಪ್ರಸ್ತಾವನೆಯ ಮೇಲೆ ‘ಚರ್ಚಿಸಿದಂತೆ ಅನುಮೋದಿಸಲಾಗಿದೆ’ ಎಂದು ಬರೆದು ಕಡತವನ್ನು ಮುಂದಕ್ಕೆ ತಳ್ಳುತ್ತಿದ್ದ ನಾವೆಲ್ಲಿ? ಯಾರು ಯಾರೊಂದಿಗೆ ಚರ್ಚಿಸಿದರು, ಏನು ಚರ್ಚಿಸಿದರು ಎಂಬುದು ಆ ಎರಡು ಪದಗಳ ಹಿಂದೆ ಸಲೀಸಾಗಿ ಮರೆಯಾಗುತ್ತಿತ್ತು. ಅಧಿಕಾರಿಗಳು ಮೌಖಿಕ ಆದೇಶಗಳ ಮೇಲೆ ನಡೆಯಬಾರದು, ಅಂಥ ಆದೇಶಗಳನ್ನು ಬರಹದಲ್ಲಿ ದಾಖಲಿಸಬೇಕು ಎಂದು ಹೇಳಲು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ, 2013ರಲ್ಲಿ, ಸುಪ್ರೀಂ ಕೋರ್ಟೇ ಬರಬೇಕಾಯಿತು.

ಮಗಳ ಕೆಲಸವನ್ನು ಅರ್ಥ ಮಾಡಿಕೊಳ್ಳಬೇಕೆಂದು ಅಂದಿನಿಂದ ಈ ವಿಷಯದ ಬಗ್ಗೆ ಓದಲು ತೊಡಗಿದೆ. ನಾನು ತಂತ್ರಜ್ಞನಲ್ಲ, ಓದಿದ್ದು ಅರ್ಥಶಾಸ್ತ್ರ, ಮಾಡಿದ್ದು ಆಡಳಿತ. ಆದರೆ ಓದುತ್ತಾ ಹೋದಂತೆ, ಇದು ತಂತ್ರಜ್ಞರಿಗೆ ಮಾತ್ರ ಸೇರಿದ ಸಂಗತಿಯಲ್ಲ, ನಾಗರಿಕರೆಲ್ಲರೂ ಗಮನಿಸಬೇಕಾದ ಸಂಗತಿ ಎಂದು ನನಗೆ ಮನವರಿಕೆಯಾಗಿದೆ.

ಒಂದು ತಂತ್ರಾಂಶವನ್ನು ಹತ್ತಾರು, ಕೆಲವೊಮ್ಮೆ ಸಾವಿರಾರು ಮಂದಿ ಏಕಕಾಲದಲ್ಲಿ ಬರೆಯುತ್ತಾರೆ. ಎಲ್ಲರಿಗೂ ಸೇರಿದ ಮೂಲಪ್ರತಿ ಒಂದು ಭಂಡಾರದಲ್ಲಿರುತ್ತದೆ. ಪ್ರತಿಯೊಬ್ಬರೂ ಅದರ ನಕಲನ್ನು ಪಡೆದು, ತಿದ್ದಿ, ಪರೀಕ್ಷಿಸಿ, ತಮ್ಮ ಬದಲಾವಣೆಯನ್ನು ಭಂಡಾರಕ್ಕೆ ಒಪ್ಪಿಸುತ್ತಾರೆ. ಹೀಗೆ ದಾಖಲಿಸಿ ಒಪ್ಪಿಸುವ ಕ್ರಿಯೆಗೆ ‘ಕಮಿಟ್’ ಎಂದು ಹೆಸರು. ಯಾವ ಸಾಲು ಹೋಯಿತು, ಯಾವ ಸಾಲು ಬಂತು, ಬರೆದವರು ಯಾರು, ದಾಖಲಿಸಿದವರು ಯಾರು, ಯಾವ ದಿನ, ಯಾವ ಹೊತ್ತು, ಏತಕ್ಕಾಗಿ ಎಂಬುದೆಲ್ಲ ಆ ನಮೂದಿನಲ್ಲಿರುತ್ತದೆ. ಈ ಲೆಕ್ಕ ಇಡುವ ಏರ್ಪಾಟೇ ಆವೃತ್ತಿ ನಿಯಂತ್ರಣ ವ್ಯವಸ್ಥೆ.

ಇದನ್ನು ಓದುವಾಗ ನನಗೆ ಒಬ್ಬ ವೃದ್ಧರು ಪದೇ ಪದೇ ನೆನಪಾದರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಯಲುಸೀಮೆಯ ಒಂದು ಉಪವಿಭಾಗದಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಪಹಣಿಯ ಒಂಬತ್ತನೇ ಅಂಕಣದಲ್ಲಿ, ಅಂದರೆ ಭೂಮಾಲೀಕರ ಹೆಸರಿರುವ ಅಂಕಣದಲ್ಲಿ, ತಮ್ಮ ಹೆಸರು ಹೋಗಿ ಬೇರೆಯವರ ಹೆಸರು ಸೇರಿದೆ ಎಂದು ಅವರು ಮೇಲ್ಮನವಿ ಸಲ್ಲಿಸಿದ್ದರು. ಹಳೆಯ ಪುಸ್ತಕ ತರಿಸಿ ನೋಡಿದೆ. ಒಂದು ವರ್ಷದ ಪುಟದಲ್ಲಿ ಹೆಸರನ್ನು ಕೆರೆದು, ಬೇರೆ ಶಾಯಿಯಲ್ಲಿ ಇನ್ನೊಂದು ಹೆಸರು ಬರೆಯಲಾಗಿತ್ತು. ಹಕ್ಕು ಬದಲಾವಣೆಯ ಸಂಖ್ಯೆಯಿಲ್ಲ, ದಿನಾಂಕವಿಲ್ಲ, ಕಿರುಸಹಿಯೂ ಇಲ್ಲ. ಮುಂದಿನ ಪುಸ್ತಕ ಬರೆಯುವಾಗ ಆ ಹೊಸ ಹೆಸರೇ ನಕಲಾಗಿತ್ತು. ಅಲ್ಲಿಂದಾಚೆಗೆ ಎಲ್ಲ ಪುಟಗಳೂ ಶುಭ್ರವಾಗಿದ್ದವು. ದಾಖಲೆಯಲ್ಲಿರುವ ನಮೂದು, ಅದು ತಪ್ಪೆಂದು ಸಾಬೀತಾಗುವವರೆಗೆ ಸತ್ಯವೆಂದೇ ಭಾವಿಸಬೇಕೆಂದು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೇ ಕಲಂ ಹೇಳುತ್ತದೆ. ವರ್ಷಗಳು ಕಳೆದಿದ್ದವು, ಸಾಬೀತುಪಡಿಸಲು ಅವರ ಬಳಿ ಏನೂ ಇರಲಿಲ್ಲ. ಸಿವಿಲ್ ನ್ಯಾಯಾಲಯಕ್ಕೆ ಹೋಗಿರೆಂದು ಹೇಳಿ ಮೇಲ್ಮನವಿಯನ್ನು ವಜಾ ಮಾಡಿದೆ. ಹೊರಡುವ ಮುನ್ನ ಅವರು ಕೈಮುಗಿದು ಕೇಳಿದ್ದು ಒಂದೇ ಮಾತು: ‘ಸ್ವಾಮೀ, ಜಮೀನು ಹೋದ್ರೆ ಹೋಗ್ಲಿ, ತಿದ್ದಿದೋರು ಯಾರು ಅಂತನಾದ್ರೂ ಹೇಳಿ.’

ನನ್ನ ಬಳಿ ಉತ್ತರವಿರಲಿಲ್ಲ. ಆಗ ಹುದ್ದೆಯಲ್ಲಿದ್ದ ಗ್ರಾಮಲೆಕ್ಕಿಗರು ಯಾರು, ಆ ಪುಸ್ತಕ ಯಾರ ಸುಪರ್ದಿಯಲ್ಲಿತ್ತು ಎಂದು ವಿಚಾರಣೆ ಮಾಡಿಸಬಹುದಿತ್ತು. ಅದನ್ನು ಮಾಡಲಿಲ್ಲ. ಕಾನೂನಿನ ದೃಷ್ಟಿಯಿಂದ ನನ್ನ ಆದೇಶ ಸರಿಯಿತ್ತು ಎಂಬ ಸಮಾಧಾನದಲ್ಲಿ ಮುಂದಿನ ಕಡತ ಎತ್ತಿಕೊಂಡೆ.

ಆ ಪ್ರಶ್ನೆಗೆ ಉತ್ತರ ಕೊಡುವುದೇ ಆವೃತ್ತಿ ನಿಯಂತ್ರಣ ವ್ಯವಸ್ಥೆಯ ಮೊದಲ ಕೆಲಸ. ಯಾವುದೇ ಕಡತದ ಯಾವುದೇ ಸಾಲಿನ ಮುಂದೆ, ಅದನ್ನು ಕೊನೆಯದಾಗಿ ತಿದ್ದಿದವರ ಹೆಸರು ಮತ್ತು ದಿನಾಂಕವನ್ನು ತೋರಿಸುವ ಆಜ್ಞೆಯೊಂದು ಅದರಲ್ಲಿದೆ. ತಂತ್ರಜ್ಞರು ಅದಕ್ಕೆ ತಮಾಷೆಯಾಗಿ ‘ಬ್ಲೇಮ್’, ಅಂದರೆ ದೂಷಣೆ, ಎಂದು ಹೆಸರಿಟ್ಟಿದ್ದಾರೆ. ಸಬ್‌ವರ್ಷನ್ ಎಂಬ ವ್ಯವಸ್ಥೆಯಲ್ಲಿ ಅದೇ ಆಜ್ಞೆಗೆ ‘ಪ್ರೇಯ್ಸ್’, ಅಂದರೆ ಪ್ರಶಂಸೆ, ಎಂಬ ಇನ್ನೊಂದು ಹೆಸರೂ ಇದೆ. ಎರಡರಲ್ಲಿ ಯಾವುದನ್ನು ಒತ್ತಿದರೂ ಬರುವ ಉತ್ತರ ಒಂದೇ.

ಈ ಏರ್ಪಾಟು ಒಂದೇ ದಿನದಲ್ಲಿ ಬಂದದ್ದಲ್ಲ. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಇಂಥ ಮೊದಲ ವ್ಯವಸ್ಥೆಗಳಲ್ಲೊಂದನ್ನು ರೂಪಿಸಿದರು. ಆ ಕಾಲದ ಪದ್ಧತಿ ನಮ್ಮ ಸಚಿವಾಲಯದ ಪದ್ಧತಿಯಂತೆಯೇ ಇತ್ತು. ಕಡತ ಒಬ್ಬರ ಮೇಜಿನ ಮೇಲಿದ್ದರೆ ಉಳಿದವರು ಕಾಯಬೇಕು. ಅವರು ರಜೆಯ ಮೇಲೆ ಹೋದರೆ ಕಡತವೂ ರಜೆಯ ಮೇಲೆ ಹೋದಂತೆಯೇ. 1986ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಧ್ಯಾಪಕ ಡಿಕ್ ಗ್ರೂನ್ ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಒಂದು ತಂತ್ರಾಂಶ ಬರೆಯುತ್ತಿದ್ದರು. ಮೂವರ ಕೆಲಸದ ಹೊತ್ತೂ ಬೇರೆ ಬೇರೆ. ಯಾರೂ ಯಾರಿಗೂ ಕಾಯದೆ ಒಂದೇ ಕಡತದ ಮೇಲೆ ದುಡಿಯುವಂತೆ ಅವರು ಮಾಡಿಕೊಂಡ ಏರ್ಪಾಟೇ ಮುಂದೆ ಸಿವಿಎಸ್ ಎಂದು ಹೆಸರಾಯಿತು. ಇಬ್ಬರು ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ಯಂತ್ರವೇ ಎರಡನ್ನೂ ಜೋಡಿಸುತ್ತದೆ. ಒಂದೇ ಸಾಲನ್ನು ತಿದ್ದಿದ್ದರೆ ‘ಇಲ್ಲಿ ಘರ್ಷಣೆಯಿದೆ, ನೀವೇ ತೀರ್ಮಾನಿಸಿ’ ಎಂದು ಮನುಷ್ಯರಿಗೇ ಬಿಡುತ್ತದೆ.

ಇಂದು ಜಗತ್ತಿನಲ್ಲಿ ಬಹುಪಾಲು ಬಳಕೆಯಲ್ಲಿರುವುದು ಗಿಟ್ ಎಂಬ ವ್ಯವಸ್ಥೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಜನಕ ಲೈನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಅದನ್ನು ಬರೆಯಲು ಆರಂಭಿಸಿದರು. ಅಲ್ಲಿಯವರೆಗೆ ಲಿನಕ್ಸ್ ಬಳಗ ಬಿಟ್‌ಕೀಪರ್ ಎಂಬ ಖಾಸಗಿ ಉತ್ಪನ್ನವನ್ನು ಉಚಿತವಾಗಿ ಬಳಸುತ್ತಿತ್ತು. ಆ ಅನುಕೂಲ ತಪ್ಪಿದಾಗ ಕೆಲವೇ ದಿನಗಳಲ್ಲಿ ಗಿಟ್‌ನ ಮೊದಲ ರೂಪ ಸಿದ್ಧವಾಯಿತು. ಅದರಲ್ಲಿ ಪ್ರತಿ ನಮೂದಿಗೂ, ಅದರ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿದ, ನಲವತ್ತು ಅಕ್ಷರಗಳ ಒಂದು ಗುರುತು ಇರುತ್ತದೆ. ಹಿಂದಿನ ನಮೂದಿನ ಗುರುತೂ ಆ ಲೆಕ್ಕದಲ್ಲಿ ಸೇರಿರುತ್ತದೆ. ಹೀಗಾಗಿ ಹತ್ತು ವರ್ಷದ ಹಿಂದಿನ ಒಂದು ಅಕ್ಷರವನ್ನು ಯಾರಾದರೂ ಗುಟ್ಟಾಗಿ ತಿದ್ದಿದರೆ, ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ಸಂಪೂರ್ಣ ನಕಲುಗಳು ಸಾವಿರಾರು ಜನರ ಬಳಿ ಇರುವುದರಿಂದ ಮೋಸ ಮುಚ್ಚಿಡುವುದು ಕಷ್ಟ. ನಾನು ನೋಡಿದ ಪಹಣಿ ಪುಸ್ತಕಕ್ಕೆ ಇಂಥ ಗುಣವಿದ್ದಿದ್ದರೆ, ಕೆರೆದ ಪುಟದ ಮುಂದಿನ ಪುಟಗಳು ಅಷ್ಟು ಶುಭ್ರವಾಗಿ ಇರುತ್ತಿರಲಿಲ್ಲ.

ಈ ಲೆಕ್ಕದ ಬೆಲೆ ತಿಳಿಯಲು 2003ರ ನವೆಂಬರ್‌ನ ಒಂದು ಘಟನೆ ಸಾಕು. ಆಗ ಲಿನಕ್ಸ್‌ನ ಮೂಲಪ್ರತಿ ಬಿಟ್‌ಕೀಪರ್‌ನಲ್ಲಿತ್ತು. ಬೇರೆಯವರ ಅನುಕೂಲಕ್ಕೆಂದು ಅದರ ಪ್ರತಿಯೊಂದನ್ನು ಸಿವಿಎಸ್‌ನಲ್ಲೂ ಇಡಲಾಗಿತ್ತು. ಆ ಪ್ರತಿ ಇದ್ದ ಗಣಕಯಂತ್ರಕ್ಕೆ ಯಾರೋ ನುಗ್ಗಿ ಎರಡೇ ಎರಡು ಸಾಲು ಸೇರಿಸಿದರು. ಸಿ ಭಾಷೆಯಲ್ಲಿ ಎರಡು ಸಮಚಿಹ್ನೆ ಬರೆದರೆ ‘ಇದು ಅದಕ್ಕೆ ಸಮವೇ?’ ಎಂಬ ಪ್ರಶ್ನೆ. ಒಂದೇ ಬರೆದರೆ ‘ಇದನ್ನು ಅದಕ್ಕೆ ಸಮ ಮಾಡು’ ಎಂಬ ಆಜ್ಞೆ. ‘ಬಳಕೆದಾರನ ಸಂಖ್ಯೆ ಸೊನ್ನೆಯೇ?’ ಎಂದು ಕೇಳುವಂತೆ ತೋರುತ್ತಿದ್ದ ಆ ಸಾಲು ನಿಜವಾಗಿ ‘ಬಳಕೆದಾರನ ಸಂಖ್ಯೆಯನ್ನು ಸೊನ್ನೆ ಮಾಡು’ ಎನ್ನುತ್ತಿತ್ತು. ಸೊನ್ನೆ ಎಂಬುದು ಸರ್ವಾಧಿಕಾರವಿರುವ ಆಡಳಿತಗಾರನ ಸಂಖ್ಯೆ. ಗುಟ್ಟು ತಿಳಿದ ಯಾವ ಸಾಮಾನ್ಯ ಬಳಕೆದಾರನಾದರೂ ಕ್ಷಣಮಾತ್ರದಲ್ಲಿ ಯಂತ್ರದ ಒಡೆಯನಾಗಬಹುದಿತ್ತು. ಒಂದು ಅಡ್ಡಗೆರೆ ಸೇರಿಸಿ ಸೊನ್ನೆಯನ್ನು ಆರು ಮಾಡುವ ಹಳೆಯ ಶಾನುಭೋಗಿಕೆಯ ಜಾಣತನಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಆದರೆ ಆ ಮೋಸ ಬಹುಬೇಗ ಸಿಕ್ಕಿಬಿತ್ತು. ಬಿಟ್‌ಕೀಪರ್ ಕಂಪನಿಯ ಲ್ಯಾರಿ ಮೆಕ್‌ವಾಯ್, ಸಿವಿಎಸ್ ಪ್ರತಿಯಲ್ಲಿರುವ ಒಂದು ಬದಲಾವಣೆ ಮೂಲಭಂಡಾರದಲ್ಲಿ ಇಲ್ಲ, ಅದಕ್ಕೆ ಅನುಮೋದನೆಯ ಜಾಡೇ ಇಲ್ಲ ಎಂದು ಬಳಗದ ಗಮನಕ್ಕೆ ತಂದರು. ಅನುಮಾನಕ್ಕೆ ಎಡೆ ಮಾಡಿದ್ದು ಆ ಸಾಲುಗಳ ಅರ್ಥವಲ್ಲ. ಅವು ಎಲ್ಲಿಂದ ಬಂದವೆಂದು ಹೇಳುವ ದಾಖಲೆ ಇಲ್ಲದಿದ್ದುದು. ಅರ್ಥ ತಿಳಿದದ್ದು ಆಮೇಲೆ. ಪಹಣಿಯಲ್ಲಿ ಸಂಖ್ಯೆಯಿಲ್ಲದ ತಿದ್ದುಪಡಿಯನ್ನು ಕಂಡೂ ನಾನು ಸುಮ್ಮನಾದೆ. ಅವರು ಸುಮ್ಮನಾಗಲಿಲ್ಲ.

ಮರುವರ್ಷ, 2004ರಲ್ಲಿ, ಲಿನಕ್ಸ್ ಬಳಗ ಇನ್ನೊಂದು ಕಟ್ಟುಪಾಡು ತಂದುಕೊಂಡಿತು. ಲಿನಕ್ಸ್‌ನಲ್ಲಿ ತನಗೆ ಸೇರಿದ ಕೋಡ್ ಸೇರಿಕೊಂಡಿದೆಯೆಂದು ಎಸ್‌ಸಿಒ ಎಂಬ ಕಂಪನಿ ತಕರಾರು ಎತ್ತಿದ್ದ ಕಾಲವದು. ಅಂದಿನಿಂದ ಪ್ರತಿ ಬದಲಾವಣೆಯ ಟಿಪ್ಪಣಿಯ ಕೊನೆಯಲ್ಲಿ ಬರೆದವರು ‘ಸೈನ್ಡ್ ಆಫ್ ಬೈ’ ಎಂದು ತಮ್ಮ ಹೆಸರು ಹಾಕಬೇಕು. ‘ಇದನ್ನು ಒಪ್ಪಿಸಲು ನನಗೆ ಹಕ್ಕಿದೆ’ ಎಂಬ ಪ್ರಮಾಣವದು. ಬದಲಾವಣೆ ಒಂದೊಂದೇ ಹಂತ ಮೇಲೇರಿದಂತೆ ಆಯಾ ಭಾಗದ ಮೇಲ್ವಿಚಾರಕರೂ ತಮ್ಮ ಹೆಸರು ಸೇರಿಸುತ್ತಾರೆ. ಸಹಾಯಕರಿಂದ ಶಾಖಾಧಿಕಾರಿಗೆ, ಅಲ್ಲಿಂದ ಅಧೀನ ಕಾರ್ಯದರ್ಶಿಗೆ ಏರುವ ನಮ್ಮ ಟಿಪ್ಪಣಿ ಹಾಳೆಯ ಪದ್ಧತಿಯೇ ಇದು. ಆದರೆ ಅವರಲ್ಲಿ ಸಹಿ ಹಾಕಿದವರು ಓದಿದ್ದಾರೆ ಎಂಬ ನಿರೀಕ್ಷೆಯಿದೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುವ ಲಿನಕ್ಸ್ ಆವೃತ್ತಿಯೊಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಈ ದಾರಿಯಲ್ಲೇ ಸಾಗಿಬರುತ್ತವೆ ಎಂಬುದು ಗಮನಾರ್ಹ.

ಇನ್ನೂ ಕೆಲವು ಕಟ್ಟುಪಾಡುಗಳಿವೆ. ಒಂದು ನಮೂದಿನಲ್ಲಿ ಒಂದೇ ವಿಷಯವಿರಬೇಕು. ‘ಏನು’ ಮಾಡಿದೆ ಎಂಬುದನ್ನು ಕೋಡೇ ಹೇಳುತ್ತದೆ, ಆದ್ದರಿಂದ ಟಿಪ್ಪಣಿ ‘ಏಕೆ’ ಎಂಬುದನ್ನು ಹೇಳಬೇಕು. ಪರೀಕ್ಷಿಸದೆ ಒಪ್ಪಿಸಬಾರದು, ಒಬ್ಬರ ಆತುರದಿಂದ ನೂರು ಜನರ ಕೆಲಸ ನಿಲ್ಲಬಾರದು. ತಪ್ಪಾದರೆ ಅಳಿಸಬಾರದು, ಅದನ್ನು ರದ್ದುಪಡಿಸುವ ಹೊಸ ನಮೂದು ಸೇರಿಸಬೇಕು. ಹಳೆಯ ಕಾಲದ ಲೆಕ್ಕಿಗರು ತಪ್ಪಾದ ಅಂಕಿಯ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಕಿರುಸಹಿ ಹಾಕುತ್ತಿದ್ದರಲ್ಲವೆ? ಅದೇ ನಿಯಮ. ಈ ಶಿಸ್ತಿನಿಂದ ಒಂದು ದೊಡ್ಡ ಅನುಕೂಲವಿದೆ. ಸಾವಿರ ಬದಲಾವಣೆಗಳ ನಡುವೆ ಎಲ್ಲೋ ಒಂದು ಕಡೆ ದೋಷ ಹೊಕ್ಕಿದೆ ಎಂದುಕೊಳ್ಳಿ. ನಡುವಿನದನ್ನು ಪರೀಕ್ಷಿಸಿ, ದೋಷ ಅದಕ್ಕೆ ಮೊದಲೋ ಆಮೇಲೋ ಎಂದು ನೋಡಿ, ಅರ್ಧವನ್ನು ಕೈಬಿಡುತ್ತಾ ಹೋದರೆ ಸುಮಾರು ಹತ್ತೇ ಪರೀಕ್ಷೆಗಳಲ್ಲಿ ಆ ಒಂದು ನಮೂದು ಸಿಗುತ್ತದೆ. ಒಂದೊಂದು ನಮೂದೂ ಚಿಕ್ಕದಾಗಿ, ಸ್ವಚ್ಛವಾಗಿ ಇದ್ದಾಗ ಮಾತ್ರ ಹೀಗೆ ಸಿಕ್ಕಿದ ಉತ್ತರದಿಂದ ಪ್ರಯೋಜನ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಇನ್ನೊಂದು ಸಂಗತಿ ಮುಖ್ಯವೆನಿಸುತ್ತದೆ. ಎಲ್ಲರಿಗೂ ಸೇರಿದ ಗೋಮಾಳ ಯಾರಿಗೂ ಸೇರದೆ ಹಾಳಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ನಾವು ಕಾಲೇಜಿನಲ್ಲಿ ಕಲಿತದ್ದೂ ಅದನ್ನೇ. ಅದು ಅನಿವಾರ್ಯವಲ್ಲ, ಜನರೇ ಕಟ್ಟುಪಾಡು ಮಾಡಿಕೊಂಡು ನೀರು, ಕಾಡು, ಮೀನುಗಾರಿಕೆಯನ್ನು ಶತಮಾನಗಳ ಕಾಲ ಕಾಪಾಡಿಕೊಂಡಿರುವ ನಿದರ್ಶನಗಳಿವೆ ಎಂದು ಎಲಿನಾರ್ ಆಸ್ಟ್ರಮ್ 1990ರ ತಮ್ಮ ಕೃತಿಯಲ್ಲಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಯಾರು ಒಳಗಿನವರು ಎಂಬುದು ಸ್ಪಷ್ಟವಿರಬೇಕು, ನಿಯಮಗಳನ್ನು ಬಳಸುವವರೇ ರೂಪಿಸಬೇಕು, ಕಣ್ಣಿಡುವವರು ಇರಬೇಕು, ತಪ್ಪಿಗೆ ತಕ್ಕಷ್ಟೇ ದಂಡ ಇರಬೇಕು ಎಂಬುದು ಅವರು ಕಂಡ ಸೂತ್ರಗಳ ಸಾರ. ಲಿನಕ್ಸ್‌ನಂಥ ಬಳಗಗಳಲ್ಲಿ ನಡೆಯುತ್ತಿರುವುದು ಇದೇ.

ನಮ್ಮ ಹಳೇ ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೆರೆ ಊರಿಗೆಲ್ಲ ಸೇರಿದ್ದು. ಆದರೆ ತೂಬು ಎತ್ತುವವನು ನೀರುಗಂಟಿ ಒಬ್ಬನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿತ್ತು, ಊರಿನ ಕಣ್ಣು ಅವನ ಮೇಲಿತ್ತು. ಸುಗ್ಗಿಯಲ್ಲಿ ಅವನಿಗೆ ಊರು ಆಯ ಕೊಡುತ್ತಿತ್ತು. ಭಂಡಾರಕ್ಕೆ ಬದಲಾವಣೆ ಸೇರಿಸುವ ಅಧಿಕಾರವೆಂದರೆ ತೂಬಿನ ಅಧಿಕಾರವೇ. ನೀರುಗಂಟಿಗೆ ಆಯ ನಿಂತುಹೋದ ಮೇಲೆ ನಮ್ಮ ಕೆರೆಗಳ ಗತಿ ಏನಾಯಿತು ಎಂಬುದನ್ನು ನಾವು ಬಲ್ಲೆವು. ಗಣಕಲೋಕದಲ್ಲೂ ಅದೇ ಆಗುತ್ತಿದೆ.

ಅಂತರ್ಜಾಲದಲ್ಲಿ ನಮ್ಮ ಗುಪ್ತಪದಗಳನ್ನೂ ಬ್ಯಾಂಕ್ ವ್ಯವಹಾರಗಳನ್ನೂ ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ 2011ರ ಡಿಸೆಂಬರ್ 31ರ ರಾತ್ರಿ ಒಂದು ಬದಲಾವಣೆ ಸೇರಿತು. ಬಂದ ಕೋರಿಕೆಯ ಅಳತೆ ನಿಜವೇ ಎಂದು ಪರೀಕ್ಷಿಸುವ ಒಂದು ಹೆಜ್ಜೆ ಅದರಲ್ಲಿ ಬಿಟ್ಟುಹೋಗಿತ್ತು. ಬರೆದವರಿಗೂ ಕಾಣಲಿಲ್ಲ, ಪರಿಶೀಲಿಸಿದವರಿಗೂ ಕಾಣಲಿಲ್ಲ. 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನಲ್ಲಿ ಅದು ಬಯಲಾದಾಗ ಜಗತ್ತೇ ತಲ್ಲಣಿಸಿತು. ದಾಖಲೆ ಇದ್ದುದರಿಂದ ಯಾವ ನಮೂದಿನಲ್ಲಿ ತಪ್ಪಾಯಿತೆಂದು ತಿಳಿಯಲು ತಡವಾಗಲಿಲ್ಲ. ಬರೆದವರೂ ತಮ್ಮ ಕಣ್ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆದರೆ ನಾಚಿಕೆಯ ಸಂಗತಿ ಬೇರೆಯೇ ಇತ್ತು. ಇಡೀ ಜಗತ್ತು ಅವಲಂಬಿಸಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ.

ಹತ್ತು ವರ್ಷಗಳ ನಂತರ ನಡೆದದ್ದು ಇನ್ನೂ ಗಂಭೀರ. ಕಡತಗಳನ್ನು ಅಡಕಗೊಳಿಸುವ ‘ಎಕ್ಸ್‌ಝಡ್’ ಎಂಬ ಚಿಕ್ಕ ಸಲಕರಣೆ ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲಿದೆ. ಫಿನ್‌ಲೆಂಡಿನ ಒಬ್ಬ ವ್ಯಕ್ತಿ ಸಂಬಳವಿಲ್ಲದೆ, ಹವ್ಯಾಸವಾಗಿ, ಅದನ್ನು ನೋಡಿಕೊಂಡು ಬಂದಿದ್ದರು. 2021ರಿಂದ ‘ಜಿಯಾ ಟಾನ್’ ಎಂಬ ಹೆಸರಿನ ಯಾರೋ ಸಣ್ಣಪುಟ್ಟ, ಉಪಯುಕ್ತ ಬದಲಾವಣೆಗಳನ್ನು ಕಳುಹಿಸತೊಡಗಿದರು. 2022ರಲ್ಲಿ ಬೇರೆ ಕೆಲವು ಹೆಸರುಗಳು ‘ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ವಹಿಸಿ’ ಎಂದು ಒತ್ತಡ ಹೇರತೊಡಗಿದವು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ ಎಂದು ಆ ಬಡಪಾಯಿ ಬರೆದುಕೊಂಡರು. ಕೊನೆಗೆ ಬದಲಾವಣೆ ಸೇರಿಸುವ ಅಧಿಕಾರ ಆ ಹೊಸಬರ ಕೈಗೂ ಹೋಯಿತು. 2024ರ ಫೆಬ್ರವರಿಯಲ್ಲಿ ಹೊರಬಂದ ಆವೃತ್ತಿಯಲ್ಲಿ, ದೂರದಿಂದಲೇ ಯಂತ್ರಗಳ ಒಳಹೊಕ್ಕು ಆಳಬಲ್ಲ ಕಳ್ಳಬಾಗಿಲೊಂದು ಅಡಗಿತ್ತು. ಅದನ್ನು ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ. ತಮ್ಮ ಯಂತ್ರಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಕುತೂಹಲಗೊಂಡು ಅವರು ಅದರ ಬೆನ್ನು ಹತ್ತಿದರು. ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಆ ಆವೃತ್ತಿ ಇನ್ನೂ ವ್ಯಾಪಕ ಬಳಕೆಗೆ ಬಂದಿರಲಿಲ್ಲ ಎಂಬುದು ನಮ್ಮೆಲ್ಲರ ಪುಣ್ಯ.

ಈ ಪ್ರಕರಣದಲ್ಲಿ ಎರಡು ಪಾಠಗಳಿವೆ. ದುಷ್ಟ ಸಾಮಗ್ರಿಯನ್ನು ಪರೀಕ್ಷಾ ಕಡತಗಳ ವೇಷದಲ್ಲಿ ಭಂಡಾರದಲ್ಲೇ ಇಡಲಾಗಿತ್ತು. ಆದರೆ ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ನೋಡಬಲ್ಲ ಭಂಡಾರದಲ್ಲಿ ಇರಲಿಲ್ಲ. ಹಂಚಿಕೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದವು. ಅಂದರೆ, ದಾಖಲೆಯ ಹೊರಗೆ ಒಂದು ಕಿಂಡಿ ಉಳಿದರೂ ಕಳ್ಳ ಅದನ್ನೇ ಹುಡುಕುತ್ತಾನೆ. ಎರಡನೆಯದು, ನಮೂದಿನಲ್ಲಿ ಹೆಸರಿತ್ತು, ಹೆಸರಿನ ಹಿಂದಿನ ಮನುಷ್ಯ ಯಾರೆಂದು ಯಾರಿಗೂ ತಿಳಿದಿರಲಿಲ್ಲ. ದಾಖಲೆ ಅಗತ್ಯ, ಆದರೆ ದಾಖಲೆಯೊಂದೇ ಸಾಲದು. ಅದನ್ನು ಓದುವ ಕಣ್ಣುಗಳೂ ಬೇಕು, ಆ ಕಣ್ಣುಗಳಿಗೆ ನಿದ್ದೆಯೂ ಕೂಳೂ ಬೇಕು.

ಇದೆಲ್ಲ ನಮಗೇಕೆ ಎಂದು ಓದುಗರು ಕೇಳಬಹುದು. ಇಂದು ಪಿಂಚಣಿ, ಪಡಿತರ, ವಿದ್ಯಾರ್ಥಿವೇತನ, ಪಹಣಿ ಎಲ್ಲವೂ ತಂತ್ರಾಂಶದ ಮೂಲಕವೇ ಬರುತ್ತವೆ. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. ನಮೂದು ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ನಾಳೆ ‘ನಾನು ಮಾಡಿದ್ದಲ್ಲ’ ಎನ್ನುವಂತಿಲ್ಲ ಎಂಬ ಏರ್ಪಾಟು ಅದರಲ್ಲಿತ್ತು. ಆ ವೃದ್ಧರ ಪ್ರಶ್ನೆಗೆ ಸಿಕ್ಕ ತಡವಾದ ಉತ್ತರವೆಂದೇ ನಾನು ಅದನ್ನು ಅಂದು ಭಾವಿಸಿದ್ದೆ. ಆದರೆ ಅದು ಅರ್ಧ ಉತ್ತರ ಮಾತ್ರ. ಅಂಕಣ ತುಂಬಿದವರ ಹೆಸರು ಸಿಗಬಹುದು. ಅಂಕಣವನ್ನು ಹೇಗೆ ತುಂಬಬೇಕು, ಯಾರ ಅರ್ಜಿಯನ್ನು ತಿರಸ್ಕರಿಸಬೇಕು ಎಂಬ ನಿಯಮವನ್ನು ತಂತ್ರಾಂಶದೊಳಗೆ ಬರೆದವರ, ಆಮೇಲೆ ಬದಲಿಸಿದವರ ಹೆಸರೇನು?

ಒಂದು ಉದಾಹರಣೆ ಊಹಿಸಿಕೊಳ್ಳಿ. ವಿಧವಾ ವೇತನ ಪಡೆಯುವ ಅಜ್ಜಿಯ ಹೆಸರು ಒಂದು ದಾಖಲೆಯಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಕಮ್ಮ’. ಎರಡು ಹೆಸರುಗಳು ಅಕ್ಷರಶಃ ಹೊಂದದಿದ್ದರೆ ಹಣ ತಡೆಹಿಡಿ ಎಂಬ ಒಂದು ಸಾಲನ್ನು ಯಾರೋ ಸೇರಿಸುತ್ತಾರೆ. ಮೊದಲಾಗಿದ್ದರೆ ಇಂಥ ನಿಯಮಕ್ಕೆ ಒಂದು ಸರ್ಕಾರಿ ಆದೇಶ, ಅದಕ್ಕೊಂದು ಸಂಖ್ಯೆ, ದಿನಾಂಕ, ಸಹಿ ಇರುತ್ತಿತ್ತು. ಈಗ ಅಜ್ಜಿಗೆ ಕೌಂಟರಿನಲ್ಲಿ ಸಿಗುವ ಉತ್ತರ: ‘ಸಿಸ್ಟಮ್ ತಗೋತಾ ಇಲ್ಲಮ್ಮ.’ ಸಿಸ್ಟಮ್ ಎಂಬ ಹೆಸರಿನ ಅಧಿಕಾರಿಯ ಮೇಲೆ ಯಾವ ಮೇಲ್ಮನವಿ ಪ್ರಾಧಿಕಾರಕ್ಕೆ ದೂರು ಕೊಡುವುದು?

ಇದು ಅತಿಶಯೋಕ್ತಿ ಎನ್ನುವವರು ಬ್ರಿಟನ್ನಿನ ಅಂಚೆ ಇಲಾಖೆಯ ‘ಹೊರೈಜನ್’ ಪ್ರಕರಣವನ್ನು ಗಮನಿಸಬೇಕು. 1999ರಿಂದ 2015ರವರೆಗೆ, ಆ ತಂತ್ರಾಂಶ ತೋರಿಸಿದ ಲೆಕ್ಕದ ಕೊರತೆಯನ್ನು ನಂಬಿ 900ಕ್ಕೂ ಹೆಚ್ಚು ಮಂದಿ ಅಂಚೆ ಶಾಖೆ ನಡೆಸುವವರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಹಲವರು ಜೈಲಿಗೆ ಹೋದರು. ತಂತ್ರಾಂಶದಲ್ಲಿ ದೋಷಗಳಿದ್ದವು, ಶಾಖೆಯವರ ಅರಿವಿಗೆ ಬಾರದಂತೆ ದೂರದಿಂದಲೇ ಲೆಕ್ಕ ಬದಲಿಸುವ ಸಾಧ್ಯತೆಯೂ ಇತ್ತು ಎಂದು ಅಲ್ಲಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಅಂಥ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು 2024ರಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು. ನಾನು 133ನೇ ಕಲಮಿನ ಮೇಲೆ ಇಟ್ಟಿದ್ದ ನಂಬಿಕೆಯನ್ನು ಅವರು ಯಂತ್ರದ ಮೇಲೆ ಇಟ್ಟಿದ್ದರು.

ನಮ್ಮಲ್ಲಿ ಇದಕ್ಕೆ ಬೇಕಾದ ಅಡಿಪಾಯ ಈಗಾಗಲೇ ಇದೆ. ಆಡಳಿತಾತ್ಮಕ ನಿರ್ಣಯಗಳಿಗೆ ಕಾರಣಗಳನ್ನು ಬಾಧಿತ ವ್ಯಕ್ತಿಗಳಿಗೆ ತಿಳಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಕಲಂ ಹೇಳುತ್ತದೆ. ಸರ್ಕಾರಿ ತಂತ್ರಾಂಶಗಳ ಮೂಲ ಕೋಡ್ ಅನ್ನು ಮುಕ್ತಗೊಳಿಸಿ ಸಹಭಾಗಿತ್ವದಲ್ಲಿ ಬೆಳೆಸುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಇವೆರಡನ್ನು ಜೋಡಿಸಿದರೆ ನಾಲ್ಕು ಸರಳ ನಿಯಮಗಳು ಸಿಗುತ್ತವೆ. ಒಂದು, ನಾಗರಿಕರ ಹಕ್ಕುಬಾಧ್ಯತೆಗಳನ್ನು ತೀರ್ಮಾನಿಸುವ ಯಾವುದೇ ತಂತ್ರಾಂಶದ ಪ್ರತಿ ಬದಲಾವಣೆಗೂ ಒಬ್ಬ ನಿಜವಾದ ವ್ಯಕ್ತಿಯ ಹೆಸರು ಮತ್ತು ಕಾರಣ ಇರಬೇಕು. ನಿಯಮ ಬದಲಾಗುತ್ತಿದ್ದರೆ ಸರ್ಕಾರಿ ಆದೇಶದ ಸಂಖ್ಯೆಯೂ ಇರಬೇಕು. ಎರಡು, ಬರೆದವರೇ ಅನುಮೋದಿಸಬಾರದು. ಮೂರು, ಗುತ್ತಿಗೆ ಮುಗಿದಾಗ ಕಂಪನಿಯವರು ಸಿದ್ಧ ತಂತ್ರಾಂಶವನ್ನಷ್ಟೇ ಅಲ್ಲ, ಅದರ ಬದಲಾವಣೆಗಳ ಪೂರ್ಣ ಇತಿಹಾಸವನ್ನೂ ಇಲಾಖೆಗೆ ಒಪ್ಪಿಸಬೇಕು. ಆ ಇತಿಹಾಸ ಕಾಯಂ ಕಡತವೆಂದು ಪರಿಗಣಿತವಾಗಬೇಕು. ನಾಲ್ಕು, ಪರಿಶೀಲಿಸುವವರಿಗೆ ಸಮಯವೂ ಸಂಬಳವೂ ಸ್ಥಾನಮಾನವೂ ಸಿಗಬೇಕು.

ಭದ್ರತೆಯ ಆಕ್ಷೇಪ ಬಂದೇ ಬರುತ್ತದೆ. 2006ರಲ್ಲಿ ಕಡತದ ಟಿಪ್ಪಣಿಗಳನ್ನು ಮಾಹಿತಿ ಹಕ್ಕಿನಿಂದ ಹೊರಗಿಡಲು ತಿದ್ದುಪಡಿ ತರಲು ಹೊರಟಾಗಲೂ, ಬರೆಯುವವರು ಹೆದರುತ್ತಾರೆ ಎಂಬ ವಾದ ಕೇಳಿಬಂದಿತ್ತು. ನಾನೂ ಆಗ ಅದನ್ನು ಅರ್ಧ ಒಪ್ಪಿದ್ದವನೇ. ಜನರ ವಿರೋಧದಿಂದ ಆ ತಿದ್ದುಪಡಿ ಬಿದ್ದುಹೋಯಿತು; ಟಿಪ್ಪಣಿ ಬರೆಯುವುದನ್ನು ಯಾರೂ ನಿಲ್ಲಿಸಲಿಲ್ಲ. ಲಿನಕ್ಸ್‌ನ ಇಡೀ ದಾಖಲೆ ಬಯಲಿನಲ್ಲೇ ಇದೆ, ಜಗತ್ತಿನ ಬಹುಪಾಲು ದೊಡ್ಡ ಯಂತ್ರಗಳು ಅದರ ಮೇಲೆಯೇ ನಡೆಯುತ್ತಿವೆ. ನಿಜವಾಗಿಯೂ ಗುಪ್ತವಾಗಿರಬೇಕಾದ ಭಾಗವಿದ್ದರೆ ಅದರ ದಾಖಲೆ ಒಳಗೇ ಇರಲಿ, ಲೆಕ್ಕಪರಿಶೋಧಕರಿಗೂ ನ್ಯಾಯಾಲಯಕ್ಕೂ ಸಿಗುವಂತಿರಲಿ. ಆದರೆ ಇರಲೇಬೇಕು.

ಆ ರಾತ್ರಿ ಮಗಳು ಕೊನೆಗೂ ಟಿಪ್ಪಣಿ ಮುಗಿಸಿ ನನಗೆ ಓದಿ ತೋರಿಸಿದಳು. ಮೂರು ಸಾಲಿನ ಬದಲಾವಣೆಗೆ ಐದು ಸಾಲಿನ ಕಾರಣ. ತಂತ್ರಜ್ಞಾನದ ಪದಗಳು ಅರ್ಥವಾಗಲಿಲ್ಲ. ಯಾವ ತೊಂದರೆ ಇತ್ತು, ಬೇರೆ ಯಾವ ದಾರಿ ಯೋಚಿಸಿದೆ, ಅದನ್ನು ಏಕೆ ಬಿಟ್ಟೆ ಎಂಬ ಕ್ರಮ ಮಾತ್ರ ಅರ್ಥವಾಯಿತು. ಕೆಳಗೆ ಅವಳ ಹೆಸರಿತ್ತು. ಅದನ್ನು ಬೆಳಿಗ್ಗೆ ಪುಣೆಯಲ್ಲಿರುವ ಸಹೋದ್ಯೋಗಿಯೊಬ್ಬರು ಓದಿ, ಒಪ್ಪಿದರೆ ಮಾತ್ರ ಮೂಲಕ್ಕೆ ಸೇರುತ್ತದಂತೆ.

ಆ ಮೇಲ್ಮನವಿಯನ್ನು ವಜಾ ಮಾಡಿದ ನನ್ನ ಆದೇಶ ಮೂರು ಪುಟ ಇತ್ತು. ಕಲಂಗಳಿದ್ದವು, ತೀರ್ಪುಗಳ ಉಲ್ಲೇಖವಿತ್ತು, ಕೆಳಗೆ ನನ್ನ ಸಹಿಯೂ ಮೊಹರೂ ಇದ್ದವು. ಆ ಹಿರಿಯರು ಕೇಳಿದ ಪ್ರಶ್ನೆಯ ಉಲ್ಲೇಖ ಮಾತ್ರ ಅದರಲ್ಲೆಲ್ಲೂ ಇರಲಿಲ್ಲ. ಇಂದು ಅವರ ಮೊಮ್ಮಕ್ಕಳು ಯಾವುದೋ ಸೇವಾ ಕೇಂದ್ರದ ಕಿಟಕಿಯ ಮುಂದೆ ನಿಂತು ಅದೇ ಪ್ರಶ್ನೆ ಕೇಳಿದರೆ, ಒಳಗಿರುವವರ ಬಳಿ ಉತ್ತರ ಇರುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಅದಕ್ಕೆ ಬೇಕಾದ ಸಲಕರಣೆ ಉಚಿತವಾಗಿಯೇ ಸಿಗುತ್ತದೆ, ಅದನ್ನು ಬಳಸಬಲ್ಲ ಮಕ್ಕಳು ನಮ್ಮ ಮನೆಮನೆಗಳಲ್ಲೇ ಇದ್ದಾರೆ. ಬೇಕಾಗಿರುವುದು ಒಂದು ಸರ್ಕಾರಿ ಆದೇಶ. ಅದರಲ್ಲಿ ‘ಚರ್ಚಿಸಿದಂತೆ’ ಎಂಬ ಪದ ಇರದಿದ್ದರೆ ಸಾಕು.